ಸಯನ್ ಕೋಲಿವಾಡಕ್ಕೆ ಗಡಿ ಬರೆಯಿರಿ

ಮಹಾರಾಷ್ಟ್ರ ವಿಧಾನಸಭೆಯ 179ನೇ ಕ್ಷೇತ್ರದ ಹೆಸರು ಸಯನ್ ಕೋಲಿವಾಡ. ಎರಡು ಲಕ್ಷಕ್ಕೂ ಮೀರಿದ ಮತದಾರರು ಈ ಹೆಸರಿನಡಿ ಓಟು ಹಾಕುತ್ತಾರೆ. ಮುಂಬಯಿಯ ಹಾರ್ಬರ್ ಲೈನಿನ ಗುರು ತೇಗ್ ಬಹಾದ್ದೂರ್ ನಗರ ಸ್ಟೇಷನ್ನಿಗೆ ಮೊದಲಿದ್ದ ಹೆಸರೂ ಕೋಲಿವಾಡವೇ. ದೇಶದ ಅನೇಕ ಕಡೆಯ ಹೋಟೆಲುಗಳ ಮೆನುವಿನಲ್ಲಿ ‘ಪ್ರಾನ್ಸ್ ಕೋಲಿವಾಡ’ ಸಿಗುತ್ತದೆ. ಇಷ್ಟೆಲ್ಲ ಕಡೆ ಹೆಸರು ಹಂಚಿಕೊಂಡ ಆ ಮೂಲ ಊರು ಮಾತ್ರ ಸಯನ್‌ನ ಪೂರ್ವಕ್ಕೆ, ಆಂಟಾಪ್ ಹಿಲ್ ಕಡೆಗೆ ಹೋಗುವ ದಾರಿಯಲ್ಲಿ, ಕೆಲವೇ ಗಲ್ಲಿಗಳಲ್ಲಿ ಉಳಿದುಕೊಂಡಿದೆ. ಸುತ್ತಲಿನ ಬಿಲ್ಡಿಂಗ್‌ಗಳಲ್ಲಿ ಹತ್ತಾರು ವರ್ಷ ಬಾಳಿದವರಲ್ಲೂ ಆ ಗಲ್ಲಿಗಳಿಗೆ ಕಾಲಿಟ್ಟವರು ಕಡಿಮೆ. ಅದೊಂದು ಊರು ಎಂಬುದೇ ಅನೇಕರಿಗೆ ತಿಳಿದಿಲ್ಲ.

ಆದರೆ ಅದು ಊರೇ. ಮುಂಬಯಿ ಎಂಬ ಮಹಾನಗರ ಹುಟ್ಟುವುದಕ್ಕೆ ಮೊದಲೇ ಇದ್ದ ಮೀನುಗಾರರ ಹಳ್ಳಿ. ಮುಖ್ಯರಸ್ತೆಯಿಂದ ಒಳಗೆ ತಿರುಗಿದರೆ ನಗರದ ಅಳತೆಗಳೆಲ್ಲ ಬದಲಾಗುತ್ತವೆ. ಗಲ್ಲಿಗಳು ನೇರವಾಗಿಲ್ಲ, ಮನೆಗಳ ನಡುವೆ ಉಳಿದ ಜಾಗವೇ ದಾರಿ. ಬಾಗಿಲ ಮುಂದೆ ಜಗಲಿ, ಜಗಲಿಯ ಮೇಲೆ ಸಂಜೆಯ ಹೊತ್ತು ಹೆಂಗಸರ ಮಾತುಕತೆ. ಕುಟುಂಬ ಬೆಳೆದ ಹಾಗೆ ಮನೆಗಳು ಮೇಲಕ್ಕೆ ಬೆಳೆದಿವೆ. ಒಂದು ಮಹಡಿ, ಅದರ ಮೇಲೊಂದು, ಹೊರಗಿನಿಂದ ಹತ್ತಲು ಕಡಿದಾದ ಕಬ್ಬಿಣದ ಮೆಟ್ಟಿಲು. ಯಾರ ಮನೆ ಯಾವುದು ಎಂದು ಕೇಳಿದರೆ ಇಲ್ಲಿ ಯಾರೂ ನಂಬರು ಹೇಳುವುದಿಲ್ಲ, ಮನೆತನದ ಹೆಸರು ಹೇಳುತ್ತಾರೆ.

ಈ ಊರಿನ ಬಗ್ಗೆ ಇವತ್ತು ಬರೆಯಲು ಕಾರಣವಿದೆ. ಮುಂಬಯಿಯಲ್ಲಿ ಪುನರಭಿವೃದ್ಧಿಯ ಭರಾಟೆ ಎದ್ದಿದೆ. ಹಳೆಯ ಚಾಳ್‌ಗಳು, ಸೊಸೈಟಿಗಳು, ಇಡೀ ಧಾರಾವಿ ಹೊಸದಾಗಿ ಕಟ್ಟಿಸಿಕೊಳ್ಳುವ ಸಾಲಿನಲ್ಲಿ ನಿಂತಿವೆ. ಈ ಹೊತ್ತಿನಲ್ಲಿ ಒಂದು ಜಾಗವನ್ನು ಸರ್ಕಾರ ಯಾವ ಹೆಸರಿನಿಂದ ಬರೆದುಕೊಂಡಿದೆ ಎನ್ನುವುದರ ಮೇಲೆ ಅಲ್ಲಿನವರ ಮುಂದಿನ ಬದುಕು ನಿಂತಿದೆ. ಗಾಂವಠಾಣ, ಕೋಲಿವಾಡ, ಸ್ಲಂ ಎಂಬ ಮೂರು ವರ್ಗಗಳ ವ್ಯತ್ಯಾಸವನ್ನು ಸಯನ್‌ನಲ್ಲಿ ಬಾಳುವ ಕನ್ನಡಿಗರಾದ ನಾವೂ ಅರ್ಥಮಾಡಿಕೊಳ್ಳಬೇಕು ಎಂಬುದು ನನ್ನ ಆಸೆ.

ಮೊದಲು ಸ್ವಲ್ಪ ಚರಿತ್ರೆ. ಪೋರ್ಚುಗೀಸರು 1661ರ ಮದುವೆಯ ಒಪ್ಪಂದದಲ್ಲಿ ಇಂಗ್ಲೆಂಡಿನ ದೊರೆಗೆ ಬಳುವಳಿಯಾಗಿ ಕೊಟ್ಟ ಮುಂಬಯಿ, 1668ರಲ್ಲಿ ವರ್ಷಕ್ಕೆ ಹತ್ತು ಪೌಂಡ್ ಗುತ್ತಿಗೆಗೆ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂತು. ಆಗ ಕಂಪನಿಯ ಸೀಮೆ ಮುಗಿಯುತ್ತಿದ್ದದ್ದು ಸಯನ್‌ನಲ್ಲಿ. ಹಿನ್ನೀರಿನ ಆಚೆ ದಡದ ಸಾಷ್ಟಿ ದ್ವೀಪ ಪೋರ್ಚುಗೀಸರದು. ಈ ಗಡಿಯ ಕಾವಲಿಗೆಂದೇ ಗವರ್ನರ್ ಜೆರಾಲ್ಡ್ ಆಂಜಿಯರ್ ಕಾಲದಲ್ಲಿ, 1669ರಿಂದ 1677ರ ನಡುವೆ, ಸಯನ್ ಗುಡ್ಡದ ಮೇಲೆ ಕೋಟೆ ಎದ್ದಿತು. ಸಾಷ್ಟಿ 1739ರಲ್ಲಿ ಮರಾಠರ ವಶವಾಗಿ, ಅದೇ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲಿಷರ ಪಾಲಾದ ಮೇಲೆ ಗಡಿಯ ಅಗತ್ಯವೇ ತೀರಿತು. ಗವರ್ನರ್ ಜೊನಾಥನ್ ಡಂಕನ್ ಸಯನ್‌ನಿಂದ ಕುರ್ಲಾಕ್ಕೆ ಹಿನ್ನೀರಿನ ಮೇಲೆ ದಾರಿ ಕಟ್ಟಿಸಿದ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಹೊರಟ ಮೊದಲ ರೈಲು ಇದೇ ಸಯನ್ ಮೂಲಕ ಹಾದುಹೋಯಿತು.

ಕೋಟೆ, ದಾರಿ, ರೈಲು ಇವೆಲ್ಲಕ್ಕೂ ಇಸವಿ ಇದೆ. ಈ ಊರಿನ ಮೀನುಗಾರರಾದ ಕೋಲಿಗಳು ಇಲ್ಲಿಗೆ ಬಂದದ್ದಕ್ಕೆ ಇಸವಿ ಇಲ್ಲ. ಮುಂಬಯಿಯ ಏಳು ದ್ವೀಪಗಳ ಮೂಲನಿವಾಸಿಗಳು ಎಂದು ಚರಿತ್ರೆ ಮೊದಲು ಹೆಸರಿಸುವುದು ಅವರನ್ನೇ. ನಗರಕ್ಕೆ ಹೆಸರು ಕೊಟ್ಟ ಮುಂಬಾದೇವಿ ಅವರ ದೇವತೆ. ವರಳಿ, ಮಾಹಿಮ್, ಧಾರಾವಿ, ಸಯನ್, ಶಿವ್ಡಿ, ಮಾಹುಲ್, ವರ್ಸೋವಾ ಎಂದು ನೀರಿನ ಅಂಚಿನುದ್ದಕ್ಕೂ ಅವರ ಊರುಗಳು ಹರಡಿದ್ದವು. ಕಡಲಿಗೆ ಮುಖಮಾಡಿದವರು ದೊಡ್ಡ ದೋಣಿಗಳಲ್ಲಿ ಹೋದರು. ಹಿನ್ನೀರಿನ ಬದಿಯವರು ಚಿಕ್ಕ ದೋಣಿ, ಕೈಬಲೆ, ಏಡಿ, ಸಿಗಡಿ ನಂಬಿ ಬದುಕಿದರು.

ಕೋಲಿವಾಡಕ್ಕೆ ತನ್ನದೇ ಆಡಳಿತವಿತ್ತು. ಊರಿಗೊಬ್ಬ ಪಾಟೀಲ, ಹಿರಿಯರ ಜಮಾತ್. ಜಗಳ, ಮದುವೆ, ಜಾತ್ರೆಯ ವಂತಿಗೆ ಎಲ್ಲ ಅಲ್ಲಿಯೇ ತೀರ್ಮಾನವಾಗುತ್ತಿತ್ತು. ಗಂಡಸರು ನೀರಿಗೆ ಇಳಿದರೆ ದಡಕ್ಕೆ ಬಂದ ಮೀನು ಹೆಂಗಸರದು. ಮಾರುವುದು, ಹಣ ಎಣಿಸುವುದು, ಮನೆ ನಡೆಸುವುದು ಅವರ ಕೈಯಲ್ಲಿ. ಮದುವೆಯ ಶಾಸ್ತ್ರಗಳಲ್ಲಿ ಧವಲಾರಿಣ ಎಂದು ಕರೆಯುವ ಹಿರಿಯ ಹೆಂಗಸರು ಹಾಡು ಹೇಳಿ ಕಾರ್ಯ ನಡೆಸಿಕೊಡುವ ಪದ್ಧತಿ ಇದೆ. ಹೋಳಿ ಹುಣ್ಣಿಮೆಯ ಶಿಮ್ಗಾ ಊರಿನ ದೊಡ್ಡ ಹಬ್ಬ. ಚೈತ್ರದಲ್ಲಿ ಲೋಣಾವಳಾದ ಹತ್ತಿರದ ಕಾರ್ಲಾ ಗುಡ್ಡಕ್ಕೆ, ಏಕವೀರಾ ದೇವಿಯ ದರ್ಶನಕ್ಕೆ ಊರಿಗೆ ಊರೇ ಹೊರಡುತ್ತದೆ. ಶ್ರಾವಣ ಹುಣ್ಣಿಮೆಯಂದು ಕಡಲಿಗೆ ತೆಂಗಿನಕಾಯಿ ಅರ್ಪಿಸುವ ನಾರಳಿ ಪೂರ್ಣಿಮೆ.

ಕರಾವಳಿಯ ಓದುಗರಿಗೆ ಇದರಲ್ಲಿ ಯಾವುದೂ ಪರಕೀಯ ಅನಿಸಲಾರದು. ಅದೇ ನೂಲ ಹುಣ್ಣಿಮೆಯಂದು ನಮ್ಮ ಮೊಗವೀರರು ಸಮುದ್ರ ಪೂಜೆ ಮಾಡಿ ಹಾಲೆರೆಯುತ್ತಾರೆ. ಕೋಲಿವಾಡಕ್ಕೆ ಪಾಟೀಲ ಇದ್ದಂತೆ ಮೊಗವೀರರ ಊರುಗಳಿಗೆ ಗುರಿಕಾರರು. ಮೀನು ತುಂಬಿದ ಬುಟ್ಟಿ ಹೊತ್ತು ಮನೆಮನೆಗೆ ಹೋಗಿ ಮಾರಿ ಸಂಸಾರ ನಡೆಸಿದ ಹೆಂಗಸರು ಮಲ್ಪೆ, ಉಳ್ಳಾಲ, ಗಂಗೊಳ್ಳಿಯಲ್ಲೂ ಇದ್ದಾರೆ. ಊರಿನಿಂದ ಮುಂಬಯಿಗೆ ಬಂದ ಮೊಗವೀರರು 1902ರಷ್ಟು ಹಿಂದೆಯೇ ಮೊಗವೀರ ವ್ಯವಸ್ಥಾಪಕ ಮಂಡಳಿ ಕಟ್ಟಿಕೊಂಡರು. ಸಯನ್‌ನಲ್ಲಿ ದಕ್ಷಿಣ ಕನ್ನಡದ ಬ್ರಾಹ್ಮಣರ ಸಂಘಕ್ಕೆ ಗೋಕುಲವಿದೆ, ಪಕ್ಕದ ಮಾಟುಂಗಾದಲ್ಲಿ 1926ರ ಮೈಸೂರು ಅಸೋಸಿಯೇಷನ್ ಇದೆ. ಇವನ್ನೆಲ್ಲ ನಾವು ಸಂಘ ಎನ್ನುತ್ತೇವೆ. ನಿಜದಲ್ಲಿ ಇವು ದೂರದಲ್ಲಿ ಬಿಟ್ಟುಬಂದ ಊರನ್ನು ಇಲ್ಲಿ ಉಳಿಸಿಕೊಳ್ಳುವ ಪ್ರಯತ್ನ. ಮಕ್ಕಳ ಮದುವೆ, ಸಾವಿನ ಮನೆ, ಹಬ್ಬದ ಊಟ, ಓದಿನ ಖರ್ಚು ಎಲ್ಲಕ್ಕೂ ಹತ್ತು ಜನ ಬೇಕು ಎಂದು ನಮ್ಮ ಹಿರಿಯರು ಕಟ್ಟಿದವು. ನಾವು ಊರು ಬಿಟ್ಟು ಬಂದವರು. ಕೋಲಿಗಳು ಇದ್ದಲ್ಲೇ ಇದ್ದರು. ಊರೇ ಅವರ ಸುತ್ತಲಿಂದ ಕರಗಿತು.

ಹೇಗೆ ಕರಗಿತು ಎಂದು ನೋಡಬೇಕು. 1896ರಲ್ಲಿ ಮುಂಬಯಿಗೆ ಪ್ಲೇಗ್ ಬಂತು. ಇಕ್ಕಟ್ಟಿನ ಹಳೆಯ ಪೇಟೆಯಿಂದ ಜನರನ್ನು ಹೊರಗೆ ಹರಡಬೇಕೆಂದು 1898ರಲ್ಲಿ ಸರ್ಕಾರ ಇಂಪ್ರೂವ್‌ಮೆಂಟ್ ಟ್ರಸ್ಟ್ ಸ್ಥಾಪಿಸಿತು. ದಾದರ್, ಮಾಟುಂಗಾ, ವಡಾಳಾ, ಸಯನ್ ಬಯಲುಗಳಿಗೆ ಪ್ಲಾಟು, ಅಗಲ ರಸ್ತೆ, ಉದ್ಯಾನ ಬಂದದ್ದು ಆ ಯೋಜನೆಗಳಿಂದ. ನಮ್ಮವರು ಮಾಟುಂಗಾ-ಸಯನ್‌ನಲ್ಲಿ ನೆಲೆಸಿದ್ದಕ್ಕೂ ಅದೇ ತಳಹದಿ. ಪೂರ್ವಕ್ಕೆ ಉಪ್ಪಿನ ಗದ್ದೆ ಮತ್ತು ಕೆಸರುಬಯಲು ಮಣ್ಣು ತುಂಬಿಸಿಕೊಂಡು ಗೋದಾಮು, ರೈಲು ಹಳಿ, ಕಾಲೊನಿಗಳಾದವು. 1950ರ ದಶಕದಲ್ಲಿ ಮಾಹುಲ್ ತೀರಕ್ಕೆ ತೈಲ ಸಂಸ್ಕರಣಾಗಾರಗಳು ಬಂದವು. ಉತ್ತರ-ಪಶ್ಚಿಮಕ್ಕೆ ಮೀಠಿ ನದಿಯ ಜೌಗು ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್ ಆಯಿತು. ನದಿಯೇ ಕಾರ್ಖಾನೆ ಮತ್ತು ಚರಂಡಿಯ ನೀರು ಹೊರುವ ನಾಲೆಯಾಯಿತು. ಮೀನು ಕಣ್ಮರೆಯಾದದ್ದಕ್ಕೆ ಯಾರೂ ಪರಿಹಾರ ಕೊಡಲಿಲ್ಲ, ಏಕೆಂದರೆ ನೀರಿನ ಮೇಲೆ ಯಾರ ಹೆಸರಿನಲ್ಲೂ ಪತ್ರ ಇರಲಿಲ್ಲ. ಇವತ್ತು ಸಯನ್ ಕೋಲಿವಾಡದಲ್ಲಿ ನಿಂತರೆ ಯಾವ ದಿಕ್ಕಿಗೂ ನೀರು ಕಾಣುವುದಿಲ್ಲ.

ದೇಶ ವಿಭಜನೆಯ ಹೊತ್ತಿಗೆ ಇನ್ನೊಂದು ಜನಪ್ರವಾಹ ಬಂತು. ಪಂಜಾಬಿನಿಂದ, ವಾಯವ್ಯ ಗಡಿನಾಡಿನಿಂದ ಎಲ್ಲವನ್ನೂ ಕಳೆದುಕೊಂಡು ಬಂದ ಸಿಖ್ ಮತ್ತು ಹಿಂದೂ ಕುಟುಂಬಗಳಿಗೆ ಸೈನ್ಯದ ಬ್ಯಾರಕ್‌ಗಳಲ್ಲಿ ಜಾಗ ಸಿಕ್ಕಿತು, ಆಮೇಲೆ ಪಂಜಾಬಿ ಕಾಲೊನಿ ಎದ್ದಿತು. ಅವರು ತೆರೆದ ಸಣ್ಣ ಊಟದ ಮನೆಗಳಲ್ಲಿ ಕೋಲಿಗಳ ಸಿಗಡಿಗೆ ಪಂಜಾಬಿ ಕಡಲೆಹಿಟ್ಟು ಕೂಡಿತು. ಸುಲಿದು ತೊಳೆದ ಸಿಗಡಿಗೆ ಶುಂಠಿ-ಬೆಳ್ಳುಳ್ಳಿ, ಖಾರದಪುಡಿ, ಓಂಕಾಳು, ನಿಂಬೆರಸ ಹಚ್ಚಿಟ್ಟು, ಕಡಲೆಹಿಟ್ಟಿನಲ್ಲಿ ಹೊರಳಿಸಿ ಕಾದ ಎಣ್ಣೆಗೆ ಬಿಟ್ಟರೆ ಅದೇ ಕೋಲಿವಾಡ. ಕಡಲು ಕಳೆದುಕೊಳ್ಳುತ್ತಿದ್ದ ಊರೂ ನೆಲ ಕಳೆದುಕೊಂಡು ಬಂದ ಜನವೂ ಒಂದೇ ಬಾಣಲೆಯಲ್ಲಿ ಸೃಷ್ಟಿಸಿದ ಈ ರುಚಿಯ ಬಗ್ಗೆ ನನಗೆ ದೊಡ್ಡ ಗೌರವ. ಹೊರಗಿನವರು ಬಂದರೆ ಊರು ಕೆಡುತ್ತದೆ ಎನ್ನುವವರಿಗೆ ಸಯನ್ ಕೋಲಿವಾಡ ಉತ್ತರ ಕೊಟ್ಟು ಎಪ್ಪತ್ತು ವರ್ಷ ದಾಟಿತು.

ಇನ್ನು ಕಾನೂನಿನ ವಿಷಯ. ಮಹಾರಾಷ್ಟ್ರದಲ್ಲಿ ಹಳ್ಳಿಯ ಮನೆಗಳಿರುವ ನಿವೇಶನಕ್ಕೆ ಗಾಂವಠಾಣ ಎನ್ನುತ್ತಾರೆ. ನಮ್ಮಲ್ಲಿ ಗ್ರಾಮಠಾಣಾ ಇದ್ದ ಹಾಗೆ. ರಾಜ್ಯದ 1966ರ ಭೂಕಂದಾಯ ಸಂಹಿತೆ ಇದನ್ನು ಗುರುತಿಸುತ್ತದೆ, ಅದರ ಗಡಿ ನಿಗದಿಮಾಡುವ ಅಧಿಕಾರವನ್ನು ಜಿಲ್ಲಾಧಿಕಾರಿಗೆ ಕೊಡುತ್ತದೆ. ಮುಂಬಯಿಯೊಳಗೆ ಇಂಥ 189 ಗಾಂವಠಾಣಗಳಿವೆ ಎಂಬುದು ಸಾಮಾನ್ಯವಾಗಿ ಬಳಕೆಯಲ್ಲಿರುವ ಲೆಕ್ಕ. ಅಲ್ಲಿ ಈಸ್ಟ್ ಇಂಡಿಯನ್ ಕ್ರೈಸ್ತರು, ಆಗ್ರಿಗಳು, ಭಂಡಾರಿಗಳು, ಕೋಲಿಗಳು ಇದ್ದಾರೆ. ಮೀನುಗಾರರ ಊರಾಗಿದ್ದರೆ ಅದು ಕೋಲಿವಾಡ. ಕೇಂದ್ರ ಸರ್ಕಾರದ 2011ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಬೃಹನ್ಮುಂಬಯಿಯ ಕೋಲಿವಾಡಗಳನ್ನು ಪ್ರತ್ಯೇಕವಾಗಿ ಹೆಸರಿಸಿ, 1981ರ ಅಭಿವೃದ್ಧಿ ಯೋಜನೆ ಇಲ್ಲವೇ ರಾಜ್ಯ ಸರ್ಕಾರದ ದಾಖಲೆಗಳ ಆಧಾರದಲ್ಲಿ ಅವುಗಳ ನಕ್ಷೆ ಮಾಡಬೇಕೆಂದು ಹೇಳಿತು. ಒಳ್ಳೆಯ ಹೆಜ್ಜೆ. ಆದರೆ ಆ ಅಧಿಸೂಚನೆ ನೀರಿನ ಉಬ್ಬರದ ಗೆರೆಯಿಂದ ಅಳೆದ ಪಟ್ಟಿಗೆ ಸಂಬಂಧಿಸಿದ್ದು. ಯಾರ ಮನೆಯಂಗಳದಿಂದ ನೀರನ್ನೇ ದೂರ ತಳ್ಳಲಾಗಿದೆಯೋ ಅಂಥ ಸಯನ್‌ನಂಥ ಊರಿಗೆ ಅದರ ನೆರಳು ಸಿಗುವುದು ಕಷ್ಟವಿತ್ತು.

ಮೂರನೆಯದು ಸ್ಲಂ. 1971ರ ಮಹಾರಾಷ್ಟ್ರ ಸ್ಲಂ ಪ್ರದೇಶಗಳ ಕಾಯ್ದೆ ಇಕ್ಕಟ್ಟು, ಶಿಥಿಲ ಮನೆ, ಕಿರಿದಾದ ಗಲ್ಲಿ, ಗಾಳಿ-ಬೆಳಕಿನ ಕೊರತೆ, ನೈರ್ಮಲ್ಯದ ಅಭಾವ ಇವುಗಳನ್ನು ಲಕ್ಷಣಗಳಾಗಿ ಎಣಿಸುತ್ತದೆ. ಬಡವರಿಗೆ ನಲ್ಲಿ, ಶೌಚಾಲಯ, ಒಳ್ಳೆಯ ಮನೆ ಸಿಗಲಿ ಎಂಬುದೇ ಆ ಕಾಯ್ದೆಯ ಆಶಯ. ಅದು ಸರಿ. ತೊಂದರೆ ಎಂದರೆ, ಈ ಅಳತೆಗೋಲು ಹಿಡಿದರೆ ಇನ್ನೂರು ವರ್ಷ ಹಳೆಯ ಯಾವ ಊರೂ ಸ್ಲಂ ಆಗಿಯೇ ಕಾಣುತ್ತದೆ. ಉಡುಪಿಯ ರಥಬೀದಿಯ ಹಿಂದಿನ ಓಣಿಗಳೂ, ಧಾರವಾಡದ ಹಳೆಯ ಪೇಟೆಯ ಸಂದಿಗಳೂ ಅದರಲ್ಲಿ ತಪ್ಪಿಸಿಕೊಳ್ಳಲಾರವು. ಒಮ್ಮೆ ಸ್ಲಂ ಎಂದು ಬರೆದ ಮೇಲೆ ಆ ಜಾಗ 1995ರಲ್ಲಿ ಬಂದ ಸ್ಲಂ ಪುನರ್ವಸತಿ ಯೋಜನೆಗೆ ತೆರೆದುಕೊಳ್ಳುತ್ತದೆ. ನಿಗದಿಯಾದಷ್ಟು ನಿವಾಸಿಗಳ ಒಪ್ಪಿಗೆ ಪಡೆದು ಬಿಲ್ಡರ್ ಇಡೀ ಜಾಗ ತೆರವು ಮಾಡುತ್ತಾನೆ, ಅರ್ಹರೆಂದು ಕಂಡುಬಂದ ಒಂದೊಂದು ಕುಟುಂಬಕ್ಕೆ ಒಂದೊಂದು ಚಿಕ್ಕ ಫ್ಲ್ಯಾಟ್ ಉಚಿತವಾಗಿ ಕಟ್ಟಿಕೊಡುತ್ತಾನೆ, ಉಳಿದ ಜಾಗದಲ್ಲಿ ಮಾರಾಟದ ಗೋಪುರ ಎಬ್ಬಿಸುತ್ತಾನೆ. ಫ್ಲ್ಯಾಟಿನ ಅಳತೆ 225 ಚದರ ಅಡಿಯಿಂದ 269ಕ್ಕೆ, ಅಲ್ಲಿಂದ 300ಕ್ಕೆ ಏರಿದೆ. ಬೇಕಾದ ಒಪ್ಪಿಗೆಯ ಪ್ರಮಾಣ ಶೇ. 70ರಿಂದ 51ಕ್ಕೆ ಇಳಿದಿದೆ.

ಫುಟ್‌ಪಾತಿನ ಅಂಚಿನ ಜೋಪಡಿಯಲ್ಲಿ ಮಳೆಗೆ ನೆನೆಯುತ್ತಿದ್ದ ಕುಟುಂಬಕ್ಕೆ ಆ 300 ಚದರ ಅಡಿ ವರದಾನವೇ. ಆದರೆ ಕೋಲಿಗೆ? ಅವನು ಯಾರ ಜಾಗವನ್ನೂ ಒತ್ತಿದವನಲ್ಲ. ಅವನ ನಾಲ್ಕೈದು ತಲೆಮಾರು ಅದೇ ನೆಲದಲ್ಲಿ ಹುಟ್ಟಿವೆ. ಅವನಿಗೆ ಮನೆ ಎಂದರೆ ಕೋಣೆಗಳಷ್ಟೇ ಅಲ್ಲ. ಒಂದು ಉದಾಹರಣೆ ಕೊಡುತ್ತೇನೆ. ಬೊಂಬಿಲ್ ಮೀನು ಒಣಗಿಸುವುದನ್ನು ವರ್ಸೋವಾ ಅಥವಾ ಖಾರ್‌ದಾಂಡಾದ ತೀರದಲ್ಲಿ ನೋಡಿದವರಿಗೆ ಇದು ಗೊತ್ತು. ಬಿದಿರಿನ ಕಂಬ ನೆಟ್ಟು, ನಡುವೆ ಸಾಲುಸಾಲಾಗಿ ಹಗ್ಗ ಕಟ್ಟಿರುತ್ತಾರೆ. ಹೆಂಗಸರು ಎರಡೆರಡು ಬೊಂಬಿಲ್ ಎತ್ತಿ ಒಂದರ ಬಾಯೊಳಗೆ ಇನ್ನೊಂದರ ದವಡೆ ಸಿಕ್ಕಿಸಿ, ಜೋಡಿಯನ್ನು ಹಗ್ಗದ ಎರಡೂ ಬದಿಗೆ ಇಳಿಬಿಡುತ್ತಾರೆ. ದಾರ ಬೇಡ, ಕೊಕ್ಕೆ ಬೇಡ. ಮೀನಿನ ಹಲ್ಲೇ ಮೀನನ್ನು ಹಿಡಿದುಕೊಳ್ಳುತ್ತದೆ. ನೀರೇ ತುಂಬಿದ ಆ ಮೆತ್ತನೆಯ ಮೀನು ಬಿಸಿಲು-ಗಾಳಿಗೆ ಕಡ್ಡಿಯಂತೆ ಒಣಗಿ ಮಳೆಗಾಲದ ಅನ್ನವಾಗುತ್ತದೆ. ಈ ಕೆಲಸಕ್ಕೆ ಬಿಸಿಲು ಬೀಳುವ ಬಯಲು ಬೇಕು, ಪಕ್ಕದ ಮನೆಯವರ ಕೈ ಬೇಕು, ವಾಸನೆಗೆ ಮೂಗು ಮುಚ್ಚದ ನೆರೆ ಬೇಕು. ಹನ್ನೆರಡನೆಯ ಮಹಡಿಯಲ್ಲಿ ಈ ಮೂರೂ ಇಲ್ಲ.

ಸಯನ್ ಕೋಲಿವಾಡದಲ್ಲಿ ಇವತ್ತು ಬಲೆ ಬೀಸುವವರು ವಿರಳ. ಓದಿದ ಮಕ್ಕಳು ಆಫೀಸು, ಬ್ಯಾಂಕು, ಮುನಿಸಿಪಾಲಿಟಿಯ ಕೆಲಸಕ್ಕೆ ಹೋಗುತ್ತಾರೆ. ಆದರೂ ಮೀನಿನ ಸಂಬಂಧ ಹರಿದಿಲ್ಲ. ನಸುಕಿಗೆ ಮೊದಲೇ ಭಾವೂಚಾ ಧಕ್ಕಾಕ್ಕೋ 1875ರ ಸಸೂನ್ ಡಾಕ್‌ಗೋ ಹೋಗಿ ಹರಾಜಿನಲ್ಲಿ ಮೀನು ಕೊಂಡು, ಮಾರುಕಟ್ಟೆಯಲ್ಲಿ ಕೂರುವ ಕೋಲಿ ಹೆಂಗಸರನ್ನು ನಾವು ಮಾವ್ಶಿ ಎಂದು ಕರೆದು ವ್ಯಾಪಾರ ಮಾಡುತ್ತೇವೆ. ನಮಗೆ ಬಂಗುಡೆ ಬೇಕೋ ಬೂತಾಯಿ ಬೇಕೋ ಎಂದು ಮುಖ ನೋಡಿಯೇ ಹೇಳಬಲ್ಲರು. ಅಂಜಲ್ ಎಂದರೆ ಸುರ್ಮಯಿ, ಮಾಂಜಿ ಎಂದರೆ ಪಾಪ್ಲೆಟ್ ಎಂದು ನಮ್ಮ ಭಾಷೆಯ ಹೆಸರುಗಳನ್ನೂ ಕಲಿತುಕೊಂಡವರಿದ್ದಾರೆ. ಹೀಗೆ ನಮ್ಮ ಅಡುಗೆಮನೆಯವರೆಗೆ ಬಂದವರ ಮನೆ ಎಲ್ಲಿ, ಅದರ ಗತಿ ಏನು ಎಂದು ನಾವು ಕೇಳಿದ್ದು ಕಡಿಮೆ.

2012ರಲ್ಲಿ ಇಲ್ಲಿ ಪುನರಭಿವೃದ್ಧಿಯ ಹೆಸರಿನಲ್ಲಿ ಮನೆಗಳನ್ನು ಕೆಡವಲು ಬಂದಾಗ ಹೆಂಗಸರು ಮುಂದೆ ನಿಂತು ತಡೆದರು. ಮೇಧಾ ಪಾಟ್ಕರ್ ಅವರ ‘ಘರ್ ಬಚಾವೊ ಘರ್ ಬನಾವೊ’ ಆಂದೋಲನ ಬೆಂಬಲಕ್ಕೆ ಬಂತು. ನಿವಾಸಿಗಳ ಮಾತು ಸರಳವಾಗಿತ್ತು: ನಮ್ಮದು ಕೋಲಿವಾಡ, ಸ್ಲಂ ಎಂದು ಬರೆಯಬೇಡಿ. ಪಕ್ಕದ ಧಾರಾವಿಯಲ್ಲೂ ಈಗ ಅದೇ ಮಾತು ಕೇಳುತ್ತಿದೆ. ಧಾರಾವಿ ಎಂದರೆ ಏಷ್ಯಾದ ದೊಡ್ಡ ಕೊಳೆಗೇರಿ ಎಂದು ಪಾಠ ಒಪ್ಪಿಸುವವರು, ಅದರ ಪಶ್ಚಿಮದ ಅಂಚಿನಲ್ಲಿ ಶತಮಾನಗಳಷ್ಟು ಹಳೆಯ ಕೋಲಿವಾಡ ಇದೆ, ಉಳಿದ ಧಾರಾವಿ ಬೆಳೆದದ್ದೇ ಅದರ ಸುತ್ತ ಎಂಬುದನ್ನು ಮರೆಯುತ್ತಾರೆ. ನಮ್ಮ ಊರಿನ ಗಡಿ ಗುರುತಿಸಿ, ನಮ್ಮನ್ನು ಧಾರಾವಿಯ ಪುನರಭಿವೃದ್ಧಿ ಯೋಜನೆಯಿಂದ ಹೊರಗಿಡಿ ಎಂಬುದು ಅಲ್ಲಿನ ಕೋಲಿಗಳ ಬೇಡಿಕೆ.

ಇದನ್ನು ಮುಂಬಯಿಯ ಒಂದು ಚಿಕ್ಕ ತಕರಾರು ಎಂದು ಬಿಟ್ಟುಬಿಡಬಾರದು. ಲೋಕದ ಬೇರೆ ಕಡೆ ಇದೇ ಪ್ರಶ್ನೆ ಎದುರಿಸಿದವರಿದ್ದಾರೆ. ರೊಮೇನಿಯಾದ ಸಂಗತಿ ಕೇಳಿ. ಅಲ್ಲಿ ಆಡಳಿತದ ತಳದ ಘಟಕಕ್ಕೆ ಕೊಮೂನಾ ಎನ್ನುತ್ತಾರೆ. ಒಂದೋ ಕೆಲವೋ ಹಳ್ಳಿ ಸೇರಿದರೆ ಒಂದು ಕೊಮೂನಾ. ಅಂಥವು ದೇಶದಲ್ಲಿ 2,800ಕ್ಕೂ ಹೆಚ್ಚು. 1988ರಲ್ಲಿ ಅಲ್ಲಿನ ಸರ್ವಾಧಿಕಾರಿ ನಿಕೊಲಾಯ್ ಚೌಷೆಸ್ಕು ಒಂದು ಯೋಜನೆ ಸಾರಿದ. ದೇಶದ ಸುಮಾರು 13 ಸಾವಿರ ಹಳ್ಳಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟನ್ನು 2000ದ ಹೊತ್ತಿಗೆ ಅಳಿಸಿ, ರೈತರನ್ನು ಒಟ್ಟುಗೂಡಿಸಿ ಫ್ಲ್ಯಾಟುಗಳಲ್ಲಿ ಇರಿಸುವುದು. ಆಧುನಿಕತೆ, ಜಾಗದ ಉಳಿತಾಯ, ಸೌಕರ್ಯ ಎಲ್ಲ ಕಾರಣಗಳನ್ನೂ ಕೊಟ್ಟ. ಬುಖಾರೆಸ್ಟ್ ಸುತ್ತಲಿನ ಕೆಲವು ಹಳ್ಳಿಗಳು ನೆಲಸಮವಾದವು. ಸುದ್ದಿ ಹೊರಗೆ ಹಬ್ಬಿದಾಗ ಬೆಲ್ಜಿಯಂನಲ್ಲಿ ಒಂದು ಚಳವಳಿ ಹುಟ್ಟಿತು. ಅಲ್ಲಿನ, ಆಮೇಲೆ ಫ್ರಾನ್ಸ್ ಮುಂತಾದ ದೇಶಗಳ ಊರುಗಳು ರೊಮೇನಿಯಾದ ಒಂದೊಂದು ಹಳ್ಳಿಯನ್ನು ಹೆಸರು ಹಿಡಿದು ದತ್ತು ತೆಗೆದುಕೊಂಡವು. ನಕ್ಷೆಯಲ್ಲಿ ಯಾರೂ ಹುಡುಕದ ಹಳ್ಳಿಯ ಹೆಸರು ದೂರದೇಶದ ಪಂಚಾಯಿತಿ ಸಭೆಯಲ್ಲಿ ಉಚ್ಚಾರವಾಯಿತು. 1989ರ ಡಿಸೆಂಬರಿನಲ್ಲಿ ಆ ಆಡಳಿತ ಉರುಳಿತು, ಯೋಜನೆಯೂ ನಿಂತಿತು.

ಅಲ್ಲಿ ಇವತ್ತು ಏನಿದೆ ಎಂಬುದು ನಮಗೆ ಇನ್ನೂ ಮುಖ್ಯ. 1,500ಕ್ಕಿಂತ ಕಡಿಮೆ ಜನರಿರುವ ಕೊಮೂನಾಕ್ಕೂ 9 ಸದಸ್ಯರ ಕೌನ್ಸಿಲ್ ಇದೆ. 3,000 ಜನರವರೆಗಿನ ಕೊಮೂನಾಕ್ಕೆ 11. ಮೇಯರನ್ನು ನಾಲ್ಕು ವರ್ಷಕ್ಕೊಮ್ಮೆ ಜನರೇ ಆರಿಸುತ್ತಾರೆ. ಹಳ್ಳಿಗಳು ಬಡವಾಗಿವೆ, ಯುವಕರು ಇಟಲಿ-ಸ್ಪೇನಿಗೆ ದುಡಿಯಲು ಹೋಗಿದ್ದಾರೆ, ಮುದುಕರೇ ಹೆಚ್ಚು ಉಳಿದ ಊರುಗಳಿವೆ. ಆದರೂ ಊರಿನ ಬಾವಿಯ ಬಗ್ಗೆ, ಗೋಮಾಳದ ಬಗ್ಗೆ ತೀರ್ಮಾನಿಸಲು ಊರಿನವರದೇ ಒಂದು ಸಭೆ ಇದೆ. ನಮ್ಮ ಕರ್ನಾಟಕದಲ್ಲೂ 1993ರ ಪಂಚಾಯತ್ ರಾಜ್ ಕಾಯ್ದೆಯಡಿ 400 ಜನರಿಗೆ ಒಬ್ಬರಂತೆ ಗ್ರಾಮ ಪಂಚಾಯಿತಿ ಸದಸ್ಯರು, ಅದರ ಜತೆ ಗ್ರಾಮಸಭೆ. ಮುಂಬಯಿಯಲ್ಲಿ? 2011ರ ಜನಗಣತಿಯ ಪ್ರಕಾರ 1 ಕೋಟಿ 24 ಲಕ್ಷ ಜನ, ಮಹಾನಗರ ಪಾಲಿಕೆಗೆ 227 ಕಾರ್ಪೊರೇಟರುಗಳು. ಸರಾಸರಿ ಸುಮಾರು 55 ಸಾವಿರ ಜನರಿಗೆ ಒಬ್ಬರು. ಆ 55 ಸಾವಿರದೊಳಗೆ ಒಂದು ಕೋಲಿವಾಡದ ಕೆಲವೇ ಕುಟುಂಬಗಳ ದನಿ ಎಷ್ಟು ದೂರ ಕೇಳಿಸೀತು? ಒಂದು ಊರು ನಗರದೊಳಗೆ ಸೇರಿದ ದಿನವೇ ತನ್ನ ಸಭೆಯನ್ನು ಕಳೆದುಕೊಳ್ಳುತ್ತದೆ. ಪಾಟೀಲ ಮತ್ತು ಜಮಾತ್ ಇಂದಿಗೂ ಇವೆ. ಕಾನೂನಿನ ಕಣ್ಣಿಗೆ ಅವು ಕಾಣುವುದಿಲ್ಲ.

ಊರು ಕಳೆದುಕೊಂಡವರ ಕಥೆ ನಮ್ಮ ಕಡಲತೀರದಲ್ಲೂ ಇದೆ. ಕಾರವಾರದ ಸೀಬರ್ಡ್ ನೌಕಾನೆಲೆಗೆ 1986ರಲ್ಲಿ ರಾಜೀವ್ ಗಾಂಧಿ ಅಡಿಗಲ್ಲಿಟ್ಟರು. ಅರ್ಗಾದಂಥ ತೀರದ ಊರುಗಳ ಸಾವಿರಾರು ಕುಟುಂಬಗಳು ಎದ್ದುಹೋದವು. ದೇಶಕ್ಕೆ ನೌಕಾನೆಲೆ ಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಪರಿಹಾರಕ್ಕಾಗಿ ಆ ಜನ ಕೋರ್ಟುಗಳಲ್ಲಿ ದಶಕಗಟ್ಟಲೆ ಅಲೆದರು, ಮೀನುಗಾರರು ಕಡಲಿನಿಂದ ದೂರದ ಕಾಲೊನಿಗಳಲ್ಲಿ ಬದುಕು ಹೊಸದಾಗಿ ಕಲಿಯಬೇಕಾಯಿತು. ಮನೆಗೆ ಬೆಲೆ ಕಟ್ಟುವ ವಿಧಾನ ಸರ್ಕಾರಕ್ಕೆ ಗೊತ್ತಿದೆ. ದೋಣಿ ಎಳೆದು ನಿಲ್ಲಿಸುವ ದಡಕ್ಕೆ, ಬಲೆ ಹೆಣೆಯುವ ನೆರಳಿಗೆ, ಊರ ದೇವರ ಅಂಗಳಕ್ಕೆ ಬೆಲೆ ಕಟ್ಟುವ ವಿಧಾನ ಇನ್ನೂ ಗೊತ್ತಾಗಿಲ್ಲ. ಸಯನ್‌ನಲ್ಲೂ ನಡೆದದ್ದು ಅದೇ, ಇಲ್ಲಿ ನಿಧಾನವಾಗಿ ನಡೆಯಿತು ಅಷ್ಟೆ.

ಈ ವಾದಕ್ಕೆ ಎದುರಾಗಿ ಹೇಳುವವರ ಮಾತನ್ನೂ ಕೇಳಬೇಕು. ಕೋಲಿವಾಡದ ಎಲ್ಲರೂ ಹಳೆಯ ಮನೆಯಲ್ಲೇ ಇರಬಯಸುವುದಿಲ್ಲ. ಒಳಗೇ ಶೌಚಾಲಯ, ಲಿಫ್ಟು, ಕಾರು ನಿಲ್ಲಿಸಲು ಜಾಗ ಬೇಕೆನ್ನುವ ಯುವಕರಿದ್ದಾರೆ. ಅವರ ಆಸೆ ತಪ್ಪಲ್ಲ. ಬೆಂಕಿ ಬಿದ್ದರೆ ಅಗ್ನಿಶಾಮಕ ವಾಹನ ಒಳಗೆ ಬರಲಾರದ ಗಲ್ಲಿಗಳಿವೆ. ಅನುಮತಿಯಿಲ್ಲದೆ ಮಹಡಿ ಏರಿಸಿ ಬಾಡಿಗೆಗೆ ಕೊಟ್ಟವರೂ ಇದ್ದಾರೆ, ಆ ಬಾಡಿಗೆಯ ಕೋಣೆಗಳಲ್ಲಿ ಉತ್ತರ ಪ್ರದೇಶದವರು, ತಮಿಳರು, ನಮ್ಮವರೂ ಇದ್ದಾರೆ. ಊರಿನ ರಕ್ಷಣೆ ಎಂದರೆ ಇವರನ್ನು ಹೊರಹಾಕುವುದು ಆಗಬಾರದು. ಊರನ್ನು ವಸ್ತುಸಂಗ್ರಹಾಲಯದ ಗಾಜಿನೊಳಗೆ ಇಡಿ ಎಂದು ಕೋಲಿಗಳೂ ಕೇಳುತ್ತಿಲ್ಲ. ಬದಲಾವಣೆ ಯಾರ ಕೈಯಿಂದ, ಯಾವ ಅಳತೆಯಲ್ಲಿ, ಯಾರ ಲಾಭಕ್ಕೆ ಎಂಬುದು ಅವರ ಪ್ರಶ್ನೆ. ಮನೆಯ ಯಜಮಾನನೇ ತನ್ನ ಮನೆ ಕಟ್ಟಿಕೊಳ್ಳಲು, ನಾಲ್ಕೈದು ಮನೆಯವರು ಸೇರಿ ಕಟ್ಟಿಕೊಳ್ಳಲು ಅನುಕೂಲವಾದ ನಿಯಮ ಕೊಡಿ ಎನ್ನುತ್ತಾರೆ. ಅದು ನ್ಯಾಯವಾದ ಕೇಳಿಕೆ.

ನನ್ನ ಅಭಿಪ್ರಾಯದಲ್ಲಿ ಮೂರು ಕೆಲಸ ತುರ್ತಾಗಿ ಆಗಬೇಕು. ಮೊದಲನೆಯದು ಗಡಿ. ಕೋಲಿವಾಡಗಳ ಸೀಮಾಂಕನದ ಮಾತು ವರ್ಷಗಳಿಂದ ನಡೆಯುತ್ತಿದೆ. ಅದನ್ನು ಮುಗಿಸಿ ನಕ್ಷೆ ಪ್ರಕಟಿಸಬೇಕು. ಗಡಿ ಎಳೆಯುವಾಗ ಮನೆಗಳ ಗೋಡೆಗೇ ನಿಲ್ಲಿಸಬಾರದು. ದೇವಸ್ಥಾನದ ಅಂಗಳ, ಹೋಳಿಯ ಬಯಲು, ಬಾವಿ, ಮೀನು ಒಣಗಿಸುವ ಮತ್ತು ಬಲೆ ಹರಡುವ ಜಾಗ, ಮೀನು ಮಾರುವ ಕಟ್ಟೆ ಎಲ್ಲ ಒಳಗಾಗಬೇಕು. ಎರಡನೆಯದು ವರ್ಗ. ಕೋಲಿವಾಡವೆಂದು ಗುರುತಾದ ನೆಲವನ್ನು ಸ್ಲಂ ಪಟ್ಟಿಯಿಂದ ತೆಗೆದು, ಅದಕ್ಕೆ ಹೊಂದುವ ಪ್ರತ್ಯೇಕ ಕಟ್ಟಡ ನಿಯಮ ರೂಪಿಸಬೇಕು. ಕಡಲು ದೂರವಾಯಿತು ಎಂಬ ಕಾರಣಕ್ಕೆ ಸಯನ್‌ನಂಥ ಒಳನಾಡಿನ ಕೋಲಿವಾಡವನ್ನು ಕೈಬಿಡಬಾರದು, ಏಕೆಂದರೆ ಕಡಲನ್ನು ದೂರ ಮಾಡಿದ್ದು ಅವರಲ್ಲ. ಮೂರನೆಯದು ಸಭೆ. ಊರಿನ ನೆಲಕ್ಕೆ ಸಂಬಂಧಿಸಿದ ಯಾವ ಯೋಜನೆಯೂ ಊರಿನವರ ಬಹಿರಂಗ ಸಭೆಯಲ್ಲಿ, ಅವರ ಭಾಷೆಯಲ್ಲಿ ಓದಿ, ಚರ್ಚೆಯಾಗಿ, ಒಪ್ಪಿಗೆ ಪಡೆಯಬೇಕು. ಒಬ್ಬೊಬ್ಬರ ಮನೆಗೆ ಹೋಗಿ ಸಹಿ ಹಾಕಿಸಿಕೊಂಡ ಕಾಗದವನ್ನು ಊರಿನ ಒಪ್ಪಿಗೆ ಎಂದು ಕರೆಯಬಾರದು.

ಇದರಲ್ಲಿ ನಮ್ಮ ಪಾಲೂ ಇದೆ. ಸಯನ್, ಮಾಟುಂಗಾ, ಅಂಧೇರಿಯ ನಮ್ಮ ಸಂಘಗಳಲ್ಲಿ ವಕೀಲರಿದ್ದಾರೆ, ಇಂಜಿನಿಯರುಗಳಿದ್ದಾರೆ, ಆರ್ಕಿಟೆಕ್ಟ್‌ಗಳಿದ್ದಾರೆ, ಪತ್ರಕರ್ತರಿದ್ದಾರೆ. ಬೆಲ್ಜಿಯಂನ ಒಂದು ಪುಟ್ಟ ಊರು ಸಾವಿರಾರು ಕಿಲೋಮೀಟರು ದೂರದ ಹಳ್ಳಿಯನ್ನು ದತ್ತು ತೆಗೆದುಕೊಳ್ಳಬಹುದಾದರೆ, ಹತ್ತು ನಿಮಿಷ ನಡೆದರೆ ಸಿಗುವ ಕೋಲಿವಾಡದ ಜತೆ ನಾವು ನಿಲ್ಲಲಾರೆವೇ? ಅಭಿವೃದ್ಧಿ ಯೋಜನೆಗಳ ಮೇಲೆ ಆಕ್ಷೇಪ ಕರೆದಾಗ ಕೋಲಿಗಳ ಪರವಾಗಿ ನಾವೂ ಬರೆಯಬಹುದು. ಅವರ ಜಮಾತಿನ ಹಿರಿಯರನ್ನು ನಮ್ಮ ಸಭಾಗೃಹಕ್ಕೆ ಕರೆದು ಊರಿನ ಚರಿತ್ರೆ ಹೇಳಿಸಬಹುದು, ಅದನ್ನು ಕನ್ನಡದಲ್ಲೂ ಮರಾಠಿಯಲ್ಲೂ ದಾಖಲಿಸಬಹುದು. ಮೊಗವೀರ ಸಂಘಟನೆಗಳಿಗಂತೂ ಇದು ತಮ್ಮದೇ ಕುಲಕಸುಬಿನ ಮಾತು.

ನಮ್ಮ ಹಿರಿಯರು ಈ ಶಹರಕ್ಕೆ ಬರಿಗೈಯಲ್ಲಿ ಬಂದು, ಇಲ್ಲಿನ ನೆಲದಲ್ಲಿ ಸಂಘ ಕಟ್ಟಿ, ತಮ್ಮ ಊರನ್ನು ಮರಳಿ ಕಟ್ಟಿಕೊಂಡರು. ಆ ನೆಲದ ಮೊದಲ ಜನ ಇವತ್ತು ತಮ್ಮ ಊರಿಗೆ ಒಂದು ಗಡಿ ಬರೆದುಕೊಡಿ ಎಂದು ಕೇಳುತ್ತಿದ್ದಾರೆ. ಸಯನ್ ಕೋಲಿವಾಡ ಎಂಬ ಹೆಸರಿನ ಕ್ಷೇತ್ರದಲ್ಲಿ ಓಟು ಹಾಕುವ ಪ್ರತಿಯೊಬ್ಬರೂ, ಮುಂದಿನ ಸಲ ಓಟು ಕೇಳಲು ಬಂದವರ ಮುಂದೆ ಆ ಕೇಳಿಕೆಯನ್ನು ತಮ್ಮದೆಂದೇ ಇಡಬೇಕು.